ಹಿತ್ತಲ ಬಾಗಿಲಿನ ತಪಾಸಣೆ

ಹುಬ್ಬಳ್ಳಿ
೪ ಮಾರ್ಚ್ ೧೯೬೩

ಪ್ರೀತಿಯ ಬಿಂದು,

ಪುಣೆಯ ನೀರು ಈಗ ನಿಮ್ಮಿಬ್ಬರಿಗೂ ಒಗ್ಗಿರಬೇಕು. ಮೃಣಾಲಿನಿ ವಹಿನಿಯವರಿಗೆ ನನ್ನ ನಮಸ್ಕಾರ ಹೇಳು. ನಾನು ಸ್ಯಾನಿಟರಿ ಇನ್‌ಸ್ಪೆಕ್ಟರ್ ಆಗಿ ಹುಬ್ಬಳ್ಳಿಗೆ ಬಂದು ತಿಂಗಳಾಯಿತು. ಖಾಕಿ ಅಂಗಿ, ಸೈಕಲ್ಲು, ಕಂಕುಳಲ್ಲಿ ಒಂದು ಕಡತ. ಉಪ್ಪಿನಬೆಟಗೇರಿಯಿಂದ ನೋಡಲು ಬಂದ ಅವ್ವ, "ಫೌಜದಾರ ಆದಂಗ ಕಾಣತೀ ನೋಡು" ಎಂದು ನಕ್ಕಳು. ಧಾರವಾಡದ ಕಾಲೇಜಿನಲ್ಲಿ ನೀನೂ ನಾನೂ ಒಂದೇ ಬೆಂಚಿನಲ್ಲಿ ಕೂತು ರಸಾಯನಶಾಸ್ತ್ರ ಉರು ಹೊಡೆದದ್ದು ಕೊನೆಗೆ ಖಾನಾವಳಿಗಳ ಗಟಾರ ನೋಡುವುದಕ್ಕೆ ಬಂತು.

ಒಂದು ವಿಷಯ ನಿನಗೆ ನಾನೇ ತಿಳಿಸಬೇಕು. ಕಳೆದ ವಾರ ಸ್ಟೇಷನ್ ರಸ್ತೆಯಲ್ಲಿರುವ ನಿನ್ನ ದತ್ತು ಕಾಕಾ ಅವರ ಖಾನಾವಳಿಗೆ ತಪಾಸಣೆಗೆ ಹೋಗಿದ್ದೆ. ನೋಟೀಸು ಕೊಡಬೇಕಾಯಿತು. ಬಾವಿಯ ಪಕ್ಕದಲ್ಲೇ ಗಟಾರ ಹರಿಯುತ್ತಿದೆ. ಹಿಟ್ಟಿನ ಚೀಲಗಳನ್ನು ಹಸಿ ನೆಲದ ಮೇಲೆ ಪೇರಿಸಿದ್ದಾರೆ. ಎಲ್ಲಕ್ಕಿಂತ ಕೆಟ್ಟದ್ದು, ಹಿತ್ತಲಲ್ಲಿ ತೊಳೆಯಲು ಇಟ್ಟಿದ್ದ ಒಂದು ದೊಡ್ಡ ಹಿತ್ತಾಳೆ ಬೋಗಣಿ. ಒಳಗಿನ ಕಲಾಯಿ ಪೂರ್ತಿ ಹೋಗಿದೆ, ತಳದಲ್ಲಿ ಹಸಿರು ಕಿಲುಬು. ಅದರಲ್ಲಿ ಹುಣಸೆಹುಳಿಯ ಸಾರು ನಿಂತರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ.

ಹದಿನೈದು ದಿನದ ಗಡುವು ಕೊಟ್ಟಿದ್ದೇನೆ. ನೀನು ಒಂದು ಮಾತು ಬರೆದರೆ ಅವರು ಬೇಗ ಮಾಡಿಸಿಯಾರು. ಅಡುಗೆಮನೆ ಒಳಗಿನದು ಇನ್ನೂ ನೋಡುವುದಿದೆ.

ನಿನ್ನ
ಅರ್ಜುನಪ್ಪ


ಪುಣೆ
೧೧ ಮಾರ್ಚ್ ೧೯೬೩

ಪ್ರೀತಿಯ ಅರ್ಜುನ,

ನಿನ್ನ ಪತ್ರಕ್ಕಿಂತ ಮೊದಲೇ ಕಾಕಾನ ಪತ್ರ ಬಂತು. ಅದನ್ನು ಓದಿ ನನಗೆ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಊಟದ ಹೊತ್ತಿಗೆ ಸರಿಯಾಗಿ ಬಂದೆಯಂತೆ. ಹಿತ್ತಲ ಬಾಗಿಲಲ್ಲಿ ನಿಂತು, ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಕಾಯ್ದೆ ಕಾಯ್ದೆ ಎಂದು ಕೂಗಿದೆಯಂತೆ. ಇಬ್ಬರು ಅರ್ಧ ಊಟಕ್ಕೇ ಎದ್ದುಹೋದರಂತೆ.

ಅರ್ಜುನ, ನೀನು ಕೂಗುವವನಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಎದುರೂ ಮೆತ್ತಗೆ ಮಾತಾಡಿದವನು. ಅಧಿಕಾರ ಬಂದ ಕೂಡಲೇ ಏನಾಯಿತು ನಿನಗೆ? ಮುಂದಿನ ಬಾಗಿಲಿಂದ ಹೋಗಿ, ನಾನು ಬಿಂದುಮಾಧವನ ಗೆಳೆಯ ಅಂತ ಹೇಳಿ, ಕೂತು ಒಂದು ಊಟ ಮಾಡಿ, ಎಲೆ ಎತ್ತುವ ಮುಂದೆ "ಕಾಕಾ, ಇಂಥಿಂಥಾದ್ದು ಸರಿಮಾಡಿಸ್ರಿ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಆ ಖಾನಾವಳಿಯಲ್ಲಿ ಉಂಡ ಒಬ್ಬನಿಗೂ ಹೊಟ್ಟೆ ನೊಂದದ್ದಿಲ್ಲ.

ಅಪ್ಪ ಹೋದ ಮೇಲೆ ಆಯಿಯನ್ನೂ ನನ್ನನ್ನೂ ಮನೆಯಲ್ಲಿಟ್ಟುಕೊಂಡು ಸಾಕಿದವನು ಕಾಕಾ. ಆಯಿ ಇವತ್ತಿಗೂ ಅವನ ಮನೆಯಲ್ಲೇ ಇದ್ದಾಳೆ. ಬೇರೆ ಯಾರಾದರೂ ನೋಟೀಸು ಕೊಟ್ಟಿದ್ದರೆ ಮಾತು ಬೇರೆ. ನೀನು ಕೊಟ್ಟೆಯಲ್ಲ, ಅದು ಚುಚ್ಚುತ್ತದೆ.

ಬಿಂದು


ಹುಬ್ಬಳ್ಳಿ
೧೫ ಮಾರ್ಚ್ ೧೯೬೩

ಬಿಂದು,

ಮುಂದಿನ ಬಾಗಿಲಿಂದ ಹೋಗಿ ಕೂತು ಊಟ ಮಾಡಬಹುದಿತ್ತು ಎಂದು ಬರೆದಿದ್ದೀಯ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ತಿಳಿಯದೆ ಬರೆದೆಯೋ, ತಿಳಿದೂ ಬರೆದೆಯೋ? ನಾಲ್ಕು ವರ್ಷ ಒಂದೇ ಸೈಕಲ್ಲಿನಲ್ಲಿ ಧಾರವಾಡ ಸುತ್ತಿದೆವು. ಹುಬ್ಬಳ್ಳಿಗೆ ಬಂದಾಗಲೆಲ್ಲ ಆ ಖಾನಾವಳಿಯ ಮುಂದೆಯೇ ಹಾದುಹೋದೆವು. ಒಂದು ಸಲವಾದರೂ ನೀನು ನನ್ನನ್ನು ಒಳಗೆ ಕರೆದೆಯಾ? ನೀನು ಕರೆಯಲಿಲ್ಲ, ನಾನು ಕೇಳಲಿಲ್ಲ. ಯಾಕೆ ಎಂದು ಇಬ್ಬರಿಗೂ ಗೊತ್ತಿತ್ತು.

ಹೋದ ಪತ್ರದಲ್ಲಿ ನಾನು ಬರೆಯದೆ ಬಿಟ್ಟದ್ದನ್ನು ಈಗ ಕೇಳು. ನಾನು ಮುಂದಿನ ಬಾಗಿಲಿಗೇ ಹೋಗಿದ್ದೆ. ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ ನಿನ್ನ ಕಾಕಾ ನನ್ನ ಅಂಗಿ ನೋಡಿ ಎದ್ದು ನಿಂತರು, "ಬರ್ರಿ, ಸಾಹೇಬ್ರ" ಎಂದರು. ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ ಊರೊಳಗೆ ಯಾವ ಓಣಿ ಎಂದು ಕೇಳಿದರು. ಹೇಳಿದೆ. ಕುರ್ಚಿ ತರಲು ಹೋದವನನ್ನು ಕೈಸನ್ನೆಯಿಂದ ನಿಲ್ಲಿಸಿದರು.

"ಹಿತ್ತಲ ಕಡೆಯಿಂದ ಬಾ, ತಮ್ಮಾ. ಅಲ್ಲೇ ಎಲ್ಲಾ ಕಾಣಸ್ತದ" ಎಂದರು.

ಸಂದಿ ಸುತ್ತಿಕೊಂಡು ಹಿತ್ತಲಿಗೆ ಹೋದೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದಾಗ ಒಳಗಿನಿಂದ ನಿನ್ನ ಕಾಕಾ ಅವರದೇ ಕೂಗು ಕೇಳಿತು. "ಏ, ಅಲ್ಲೇ ನಿಂದ್ರು! ಒಳಗ ಮಡೀಲೆ ಅಡಗಿ ನಡದದ."

"ಯಜಮಾನ್ರ, ಒಳಗ ಬಂದು ನೋಡಿದ್ರನ ನನಗ ಬರಿಯಾಕ ಬರತೈತ್ರಿ. ಕಾಯ್ದೆ ಐತ್ರಿ ಅದು" ಎಂದೆ.

"ಕಾಯ್ದೆ ನಿನ್ನ ಕಚೇರಿಯೊಳಗ ಇಟ್ಕೋ. ಹಿಂದಿನ ಇನ್‌ಸ್ಪೆಕ್ಟರು ಒಳಗ ಬರ್ತಿದ್ರು, ಖರೇ. ಅವರ ಮಾತು ಬ್ಯಾರೆ."

ಬೋಗಣಿ ತೋರಿಸಿ ಕೇಳಿದರೆ "ಅದು ಅಡಗೀದಲ್ಲ" ಎಂದರು. ಆಗ ನಾನು ದನಿ ಏರಿಸಿದ್ದು ನಿಜ. ಪಂಕ್ತಿಯವರಿಗೆ ಕೇಳಿದ್ದೂ ನಿಜವಿರಬಹುದು. ನಾನು ಹೊರಬೀಳುವಾಗ, ನನ್ನ ಕೈ ತಾಗಿದ್ದ ಗೋಡೆಯ ಮೇಲೆ ಆಳೊಬ್ಬ ಕೊಡದಿಂದ ನೀರು ಸುರಿದು ತೊಳೆಯುತ್ತಿದ್ದ. ನಾನಿನ್ನೂ ಸೈಕಲ್ ಹತ್ತಿರಲಿಲ್ಲ.

ವರದಿಯಲ್ಲಿ "ಅಡುಗೆಮನೆಗೆ ಪ್ರವೇಶ ನಿರಾಕರಿಸಿದರು" ಎಂದು ಬರೆದೆ. ನಮ್ಮ ಹೆಲ್ತ್ ಆಫೀಸರ್ ಸಾಹೇಬರು ಅದನ್ನು ನೋಡಿ, "ಅರ್ಜುನಪ್ಪ, ನೌಕರಿ ಹೊಸಾದು. ಇದನ್ನ ಹೊಡದು ಹಾಕಿ, ನೋಡಿದೆ, ಛಲೋ ಐತಿ ಅಂತ ಬರಿ" ಎಂದಿದ್ದಾರೆ. ನಾನು ಬರೆಯುವುದಿಲ್ಲ.

ಅರ್ಜುನಪ್ಪ


ಪುಣೆ
೨೪ ಮಾರ್ಚ್ ೧೯೬೩

ಪ್ರೀತಿಯ ಅರ್ಜುನ,

ನಿನ್ನ ಪತ್ರ ಓದಿ ನನ್ನ ತಲೆ ತಗ್ಗಿತು. ಗೋಡೆಯ ಮಾತಂತೂ ಮೃಣಾಲಿನಿಗೆ ಓದಿ ಹೇಳಲು ಬಾಯಿ ಬರಲಿಲ್ಲ. ಆದರೆ ಕಾಕಾ ಹಳೆಯ ಕಾಲದವನು, ಈ ವಯಸ್ಸಿನಲ್ಲಿ ಅವನನ್ನು ತಿದ್ದಲಾಗುವುದಿಲ್ಲ. ಅವನ ಜೊತೆ ಗುದ್ದಾಡಿ ನೀನು ನೌಕರಿ ಕಳೆದುಕೊಳ್ಳಬಾರದು.

ಅದಕ್ಕೇ ಒಂದು ದಾರಿ ಹುಡುಕಿದ್ದೇನೆ. ನಿಮ್ಮ ಸಾಹೇಬರೂ ಕಾಕಾನೂ ಒಂದೇ ಸಾಲೆಯಲ್ಲಿ ಕಲಿತವರು. ಹೋಗಿ ಮೆತ್ತಗೆ ಮಾತಾಡಿ ಇದನ್ನು ಮುಗಿಸು, ಅರ್ಜುನನಿಗೆ ಒಂದು ಮಾತೂ ಬರಬಾರದು ಎಂದು ಕಾಕಾನಿಗೆ ಬರೆದಿದ್ದೆ. ಎಲ್ಲಾ ಸುಸೂತ್ರವಾಗಿದೆ ಎಂದು ಉತ್ತರ ಬಂದಿದೆ. ನೋಟೀಸು ವಾಪಸು. ಸಾಹೇಬರು ತಾವೇ ಬಂದು ನೋಡಿ ತೃಪ್ತಿಕರ ಎಂದು ಬರೆದುಕೊಟ್ಟರಂತೆ. ಕಾಕಾ ಆ ಕಾಗದವನ್ನು ಗಲ್ಲೆಯ ಹಿಂದೆ ಗೋಡೆಗೆ ಹಚ್ಚಿದ್ದಾನಂತೆ. ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ಇನ್ನು ಇದನ್ನು ಮರೆತುಬಿಡು.

ಬಿಂದು


ಹುಬ್ಬಳ್ಳಿ
೨ ಏಪ್ರಿಲ್ ೧೯೬೩
(ಕಾರ್ಡು)

ಬಿಂದುಮಾಧವ,

ನಿನ್ನ ಉಪಕಾರ ಮುಟ್ಟಿತು. ಖಾನಾವಳಿಗಳ ತಪಾಸಣೆ ನನ್ನ ಕೈಯಿಂದ ಹೋಗಿದೆ. ಈಗ ಬೆಂಗೇರಿ ಕಡೆಯ ಗಟಾರ ಬಳಿಸುವ ಮೇಲ್ವಿಚಾರಣೆ. "ಇದು ನಿನಗ ಹೊಂದತೈತಿ" ಎಂದರು ಸಾಹೇಬರು. ಇಡೀ ಕಚೇರಿ ನಕ್ಕಿತು.

ಬೋಗಣಿಗೆ ಇನ್ನೂ ಕಲಾಯಿ ಆಗಿಲ್ಲ. ನನ್ನ ಪರವಾಗಿ ಇನ್ನು ಯಾರಿಗೂ ಏನೂ ಬರೆಯಬೇಡ.

ಅರ್ಜುನಪ್ಪ


ಪುಣೆ
೧೬ ಮೇ ೧೯೬೩

ಅರ್ಜುನ,

ನಿನ್ನ ಕಾರ್ಡಿಗೆ ಉತ್ತರ ಬರೆಯಲು ಕೂತು ಎರಡು ಸಲ ಹರಿದುಹಾಕಿದೆ. ಸಿಟ್ಟು ಇಳಿದ ಮೇಲೆ ನೀನೇ ಬರೆಯುತ್ತೀಯೆಂದು ಕಾದೆ.

ಊರಲ್ಲಿ ಕಾಲರಾ ಬಂದಿದೆ ಎಂದು ಆಯಿ ಬರೆದಿದ್ದಾಳೆ. ನಿನಗೆ ಕೆಲಸದ ಒತ್ತಡ ಇರಬೇಕು, ಹುಷಾರಾಗಿರು, ನೀರು ಕಾಯಿಸಿ ಕುಡಿ. ಖಾನಾವಳಿಯ ಹಿತ್ತಲು ಗುಡಿಸುವ ಹೆಂಗಸೊಬ್ಬಳು ತೀರಿಕೊಂಡಳಂತೆ, ಇನ್ನಿಬ್ಬರು ಬದುಕಿದರಂತೆ. ಪಾಪ. ಅವರ ಓಣಿಯ ಬಾವಿಯ ನೀರಿನಿಂದ ಬಂದದ್ದು ಎಂದು ನಿಮ್ಮ ಸಾಹೇಬರೇ ಬರೆದಿದ್ದಾರಂತೆ. ಆದರೂ ಮಂದಿ ಸುಮ್ಮನೆ ಖಾನಾವಳಿಯ ಹೆಸರು ಹೇಳುತ್ತಿದ್ದಾರೆ ಎಂದು ಕಾಕಾ ಸಂಕಟಪಡುತ್ತಿದ್ದಾನೆ. ನೀನು ತಿಳಿದವನು, ಅಂಥ ಮಾತು ಕೇಳಿದರೆ ಅಲ್ಲಲ್ಲೇ ತಡೆ. ಹಳೆಯದನ್ನು ಮನಸ್ಸಿನಲ್ಲಿಡಬೇಡ.

ಬಿಂದು


ಹುಬ್ಬಳ್ಳಿ
೨೦ ಮೇ ೧೯೬೩

ಬಿಂದುಮಾಧವ,

ನೀನು ಪಾಪ ಎಂದು ಬರೆದ ಆ ಹೆಂಗಸಿನ ಹೆಸರು ರುಕ್ಮವ್ವ. ನನ್ನ ಚಿಗವ್ವ. ನನ್ನ ಅವ್ವನ ಒಡಹುಟ್ಟಿದ ತಂಗಿ. ನಾನು ಸಾಲೆಗೆ ಹೋಗಲು ಒಲ್ಲೆನೆಂದು ಅತ್ತಾಗ ಹೆಗಲ ಮೇಲೆ ಹೊತ್ತು ಸಾಲೆಯ ಕಟ್ಟೆಯ ತನಕ ಬಿಟ್ಟುಬಂದವಳು.

ನಾನು ತಪಾಸಣೆಗೆ ಹೋದ ದಿನ ಅವಳು ಅದೇ ಹಿತ್ತಲಲ್ಲಿ ಎಂಜಲೆಲೆ ಬಳಿಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಆಮೇಲೆ ಬೆಂಗೇರಿಯಲ್ಲಿ ಅವಳ ಮನೆಗೆ ಹೋಗಿ ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. "ನಿನ್ನ ನೋಡಿ ನನ್ನ ಎದಿ ತುಂಬಿತ್ತೋ ಮಗನ. ಅದಕ್ಕ ಮಾರಿ ಮುಚಕೊಂಡೆ. ನನಗ ಚಿಗವ್ವ ಅಂದಿದ್ರ ಅವ್ರು ನಿನ್ನ ಮಾತು ಕೇಳತಿದ್ರೇನು?" ಎಂದಳು. ನಾನು ಈ ನಂಟನ್ನು ಕಚೇರಿಯಲ್ಲೂ ಹೇಳಲಿಲ್ಲ, ನಿನಗೂ ಬರೆಯಲಿಲ್ಲ. ಬರೆದಿದ್ದರೆ ನನ್ನ ನೋಟೀಸು ಸ್ವಂತದ ಜಗಳವಾಗಿಬಿಡುತ್ತಿತ್ತು.

ಖಾನಾವಳಿಯಲ್ಲಿ ಮಿಕ್ಕ ಸಾರನ್ನು ಸಂಜೆ ಹಿತ್ತಲ ಬಾಗಿಲಲ್ಲಿ ಮೇಲಿನಿಂದ ಗುಡಿಸುವ ಹೆಂಗಸರ ಗಡಿಗೆಗೆ ಸುರಿಯುತ್ತಿದ್ದರು. ಅದನ್ನು ತರಬೇಡ ಎಂದು ನಾನು ಮಾರ್ಚಿನಲ್ಲೇ ಹೇಳಿದ್ದೆ. ಬಿಟ್ಟಿದ್ದಳು. ಏಪ್ರಿಲ್ಲಿನಲ್ಲಿ ಮತ್ತೆ ತರತೊಡಗಿದಳು. ನಾನು ಬೈದಾಗ ಏನಂದಳು ಗೊತ್ತೇ? "ಸರಕಾರದವ್ರ ಬಂದು ನೋಡಿ ಛಲೋ ಐತಿ ಅಂತ ಬರದಕೊಟ್ಟಾರಂತ. ಗ್ವಾಡಿಗಿ ಹಚ್ಯಾರ, ನಾ ರಸ್ತೆದಾಗ ನಿಂತು ನೋಡೀನಿ. ನೀ ಒಬ್ಬಾವ ಯಾಕ ಹೆದರಸತೀ?" ಎಂದಳು. ಓದಲು ಬರದ ಹೆಂಗಸು, ಕಾಗದದ ಮೇಲಿನ ಠಸ್ಸೆಯನ್ನು ನಂಬಿದಳು.

ಮೇ ಮೊದಲ ವಾರ ಖಾನಾವಳಿಯಿಂದ ಒಂದು ಲಗ್ನದ ಊಟ ಹೋಗಿತ್ತು. ಮಿಕ್ಕ ಕಟ್ಟಿನ ಸಾರು ಮರುದಿನ ಸಂಜೆಯ ತನಕ ಅದೇ ಬೋಗಣಿಯಲ್ಲಿತ್ತು. ಮೂವರು ಹೆಂಗಸರು ಅದನ್ನು ಒಯ್ದರು. ಮೂವರೂ ಹಸಿರಾಗಿ ವಾಂತಿ ಮಾಡಿಕೊಂಡರು. ಚಿಗವ್ವ ಆಗಷ್ಟೇ ಜ್ವರದಿಂದ ಎದ್ದವಳು, ತಡೆಯಲಿಲ್ಲ. ದವಾಖಾನೆಯ ಡಾಕ್ಟರು ಕಾಲರಾ ಅಲ್ಲ, ಪಾತ್ರೆಯ ವಿಷ ಎಂದು ಬರೆದುಕೊಟ್ಟಿದ್ದಾರೆ. ನಮ್ಮ ಸಾಹೇಬರು ಕಾಲರಾ ಎನ್ನುತ್ತಾರೆ. ಬೆಂಗೇರಿಯ ಬಾವಿ ಎನ್ನುತ್ತಾರೆ. ಆ ಬಾವಿಯ ನೀರನ್ನು ಓಣಿಯೆಲ್ಲ ಕುಡಿಯುತ್ತದೆ, ಬೇರೆ ಒಬ್ಬರಿಗೂ ಏನೂ ಆಗಿಲ್ಲ. ಕೊಂದದ್ದಲ್ಲದೆ ನಮ್ಮ ನೀರಿನ ಮೇಲೆ ಹೊರಿಸುತ್ತಾರೆ!

ಖಾನಾವಳಿಯಲ್ಲಿ ಉಂಡ ಒಬ್ಬನಿಗೂ ಹೊಟ್ಟೆ ನೊಂದದ್ದಿಲ್ಲ ಎಂದು ನೀನು ಬರೆದಿದ್ದೆ. ಉಂಡವರು ಎಂದರೆ ಯಾರು ಎಂದುಕೊಂಡಿದ್ದೆ ನೀನು?

ನಿನಗೆ ಒಬ್ಬ ಕಾಕಾ ಇದ್ದಾನೆ. ನನಗೂ ಒಬ್ಬ ಇದ್ದಾನೆ, ಚಿಗವ್ವನ ಗಂಡ ಉಡಚಪ್ಪ, ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲ. ಅವನೂ ನಾನೂ ನಮ್ಮ ಸಾಹೇಬರಿಗಿಂತ ಮೇಲಿನ ಅಧಿಕಾರಿ ಪ್ರಾಂತ ಸಾಹೇಬರಿಗೆ ಅರ್ಜಿ ಕೊಟ್ಟಿದ್ದೇವೆ. ಜೂನ್ ಹದಿನೆಂಟಕ್ಕೆ ಅದರ ವಿಚಾರಣೆ, ಚೌಕಶಿ ಇದೆ. ಆ ಅಡುಗೆಮನೆಯ ಒಳಗನ್ನು ನೋಡಿ ಬಂದು ಹೇಳುವವನು ನಮ್ಮ ಕಡೆ ಒಬ್ಬನೂ ಇಲ್ಲ. ನೀನು ಒಳಗೆ ಹೋಗಬಹುದು. ಬಾ. ನೋಡಿದ್ದನ್ನು ಹೇಳು.

ಅರ್ಜುನಪ್ಪ


ಪುಣೆ
೨ ಜೂನ್ ೧೯೬೩

ಅರ್ಜುನ,

ಏನು ಬರೆಯಲಿ? ನಿನ್ನ ಚಿಗವ್ವ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಆದರೆ ನೀನು ಕೇಳುತ್ತಿರುವುದೇನು ಎಂದು ಒಂದು ಸಲ ಯೋಚಿಸು. ನಾನು ಚೌಕಶಿಯಲ್ಲಿ ನಿಂತು ಬಾಯಿ ಬಿಟ್ಟರೆ ಅದೇ ದಿನ ಆಯಿ ಆ ಮನೆಯಿಂದ ಹೊರಬೀಳಬೇಕು. ಅವಳಿಗೆ ಆ ಮನೆ, ಆ ದೇವರ ಕೋಣೆ ಬಿಟ್ಟು ಬೇರೆ ಲೋಕ ಗೊತ್ತಿಲ್ಲ. ಕಾಕಾ ಬೇಕೆಂದು ಯಾರನ್ನೂ ಕೊಂದವನಲ್ಲ. ಅವನಿಗೆ ಶಿಕ್ಷೆಯಾದರೆ ನಿನ್ನ ಚಿಗವ್ವ ತಿರುಗಿ ಬರುತ್ತಾಳೆಯೇ? ಇಬ್ಬರಿಗೂ ಒಪ್ಪುವ ಹಾಗೆ, ಉಡಚಪ್ಪನವರ ಸಂಸಾರಕ್ಕೆ ಏನಾದರೂ ಸಹಾಯ ಮಾಡಿಸಿ ಮುಗಿಸಲು ಬರುವುದಿಲ್ಲವೇ?

ಇದನ್ನು ಬರೆಯುವಾಗ ಮೃಣಾಲಿನಿ ಬೆನ್ನ ಹಿಂದೆ ನಿಂತು ಓದಿದಳು. "ನಿಮ್ಮ ಕಡೆ ಒಂದು ಹೆಣ್ಣುಮಗಳು ಹಿಂಗ ಸತ್ತಿದ್ರ ಹಿಂಗ ಬರೀತಿದ್ರೇನು?" ಎಂದು ಕೇಳಿ ಹೊರಗೆ ಹೋದಳು. ಎಲ್ಲರೂ ನನ್ನನ್ನೇ ಹಿಡಿದರೆ ನಾನು ಎಲ್ಲಿಗೆ ಹೋಗಲಿ?

ಬಿಂದು


ಹುಬ್ಬಳ್ಳಿ
೬ ಜೂನ್ ೧೯೬೩
(ಕಾರ್ಡು)

ಶ್ರೀ ಬಿಂದುಮಾಧವ ಅವರಿಗೆ,

ತಾವು ಬರುವ ಅಗತ್ಯವಿಲ್ಲ. ನಿಮ್ಮ ಸಹಾಯದ ಮಾತನ್ನು ಉಡಚಪ್ಪ ಕಾಕಾನಿಗೆ ಓದಿ ಹೇಳಿದೆ. ಅವನು ನೆಲಕ್ಕೆ ಉಗುಳಿ ಕೆಲಸಕ್ಕೆ ಹೋದ.

ಅರ್ಜುನಪ್ಪ


ಪುಣೆ
೨೮ ಜೂನ್ ೧೯೬೩

ಅರ್ಜುನ,

ಚೌಕಶಿಯ ದಿನ ನಿನ್ನ ಎದುರಿಗೇ ಕೂತಿದ್ದೆ. ನೀನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅಲ್ಲಿ ನಾನು ಹೇಳಿದ್ದು ಬೋಗಣಿಯ ಮಾತಷ್ಟೇ. ಹಿಂದಿನ ದಿನ ಏನಾಯಿತು ಎಂಬುದನ್ನು ಪೂರ್ತಿ ಬರೆಯುತ್ತೇನೆ.

ನಾನು ಬಂದದ್ದು ಸತ್ಯ ಹೇಳುವುದಕ್ಕಲ್ಲ. ಕಾಕಾನಿಂದ ತಪ್ಪಾಗಿಲ್ಲ ಎಂದು ನನ್ನ ಕಣ್ಣಿಂದ ನೋಡಿ, ನೆಮ್ಮದಿಯಿಂದ ಪುಣೆಗೆ ತಿರುಗಿ ಹೋಗುವುದಕ್ಕೆ. ಮುಂಜಾನೆಯ ಗಾಡಿಗೆ ಇಳಿದು ನೇರ ಖಾನಾವಳಿಗೆ ಹೋದೆ. ನಾನು ತನ್ನ ಪರ ನಿಲ್ಲಲು ಬಂದೆನೆಂದು ಕಾಕಾ ಹಿಗ್ಗಿ, "ನೋಡ್ರೆಪಾ, ನನ್ನ ಮಗ ಬಂದ" ಎಂದು ಗಿರಾಕಿಗಳಿಗೆಲ್ಲ ಸಾರಿದ. ಹಿತ್ತಲಲ್ಲಿ ಕಲಾಯಿಗಾರ ತಿದಿ ಒತ್ತುತ್ತಿದ್ದ. ಬೆಂಕಿಯ ಮೇಲೆ ನಿನ್ನ ಆ ಬೋಗಣಿ. ನಾನು ನೋಡನೋಡುತ್ತಿದ್ದಂತೆ ಅದರ ಒಳಗೆಲ್ಲ ಬೆಳ್ಳಗೆ ಹೊಳೆಯಿತು.

ಅಡುಗೆಮನೆಗೆ ಹೋದೆ. ನನ್ನನ್ನು ಯಾರೂ ತಡೆಯಲಿಲ್ಲ. ಅಡುಗೆಯವನು ನನಗೆ ಚಿಕ್ಕಂದಿನಲ್ಲಿ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಉಣ್ಣಿಸಿದವನು. "ಆ ಬೋಗಣಿಗೆ ಮೊದಲ ಯಾಕ ಕಲಾಯಿ ಹಾಕಿಸಿರಲಿಲ್ಲ?" ಎಂದು ಕೇಳಿದೆ. ಅವನು ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವ ದನಿಯಲ್ಲಿ ಹೇಳಿದ, "ಅದು ಹಿತ್ತಲಕ್ಕ ಹೋಗೋ ಬೋಗಣಿ ಅಲ್ಲೇನು, ಬಿಂದೂ? ಮಂದಿ ಉಣ್ಣೋ ಬೋಗಣಿ ಎಲ್ಲಾ ಬೆಳ್ಳಗ ಅವ ನೋಡು." ಗೋಡೆಯ ಮಾಡಗಳಲ್ಲಿದ್ದ ಪಾತ್ರೆಗಳೆಲ್ಲ ಖರೇನೇ ಬೆಳ್ಳಗಿದ್ದವು, ಅರ್ಜುನ. ಒಂದೂ ಬಿಡದೆ. ಅದೊಂದಕ್ಕೆ ಮಾತ್ರ ಯಾರೂ ಕಲಾಯಿ ಹಾಕಿಸಿರಲಿಲ್ಲ.

ಕಾಕಾನ ಹತ್ತಿರ ಹೋಗಿ ಕೇಳಿದೆ. "ನಾಳೆ ಪ್ರಾಂತ ಸಾಹೇಬರಿಗೆ ತೋರಸಲಿಕ್ಕೆ ಈ ಕಲಾಯಿ?"

"ಮಾಡಸ್ರಿ ಅಂದಿದ್ರು, ಮಾಡಸಿದೆ. ಅದರಾಗ ತಪ್ಪೇನದ?"

"ಮಾರ್ಚದಾಗ ಅಂದಿದ್ರು, ಕಾಕಾ."

"ಯಾರು ಅಂದಿದ್ರು ಅನ್ನೋದೂ ನೋಡಬೇಕಲ್ಲೋ!"

ಮರುದಿನ ಕಾಕಾ ಹೊಳೆಯುವ ಬೋಗಣಿಯನ್ನು ಮೇಜಿನ ಮೇಲೆ ಇಡಿಸಿದಾಗ ನಾನು ಎದ್ದು, ಅದು ನಿನ್ನೆ ಆದ ಕಲಾಯಿ ಎಂದೆ. ಮುಂದಿನದೆಲ್ಲ ನೀನೇ ಕೇಳಿದ್ದೀ.

ಆಯಿ ತನ್ನ ಟ್ರಂಕನ್ನು ತಾನೇ ಕಟ್ಟಿಕೊಂಡು ನನ್ನ ಜೊತೆ ಗಾಡಿ ಹತ್ತಿದಳು. ಇವತ್ತಿನ ತನಕ ನನ್ನೊಡನೆ ಮಾತಾಡಿಲ್ಲ. ಮೂಲೆಯಲ್ಲಿ ಬೇರೆ ಒಲೆ ಹೂಡಿಕೊಂಡು ತನ್ನ ಅನ್ನ ತಾನೇ ಮಾಡಿಕೊಳ್ಳುತ್ತಾಳೆ. ನೀನು ನನ್ನ ಪಾಲಿಗೆ ಸತ್ತೆ ಎಂದು ಕಾಕಾ ಹೇಳಿ ಕಳಿಸಿದ್ದಾನೆ. ನನ್ನಿಂದ ಆದಷ್ಟು ಮಾಡಿದ್ದೇನೆ. ಇನ್ನಾದರೂ ಮೊದಲಿನ ಹಾಗೆ ಬರೆಯುತ್ತೀಯಾ?

ಬಿಂದು


ಹುಬ್ಬಳ್ಳಿ
೧೫ ಜುಲೈ ೧೯೬೩

ಬಿಂದುಮಾಧವ,

ಮೊದಲು ಸುದ್ದಿ. ಖಾನಾವಳಿಯ ಪರವಾನಗಿ ಹೋಯಿತು, ಬಾಗಿಲಿಗೆ ಬೀಗ ಬಿದ್ದಿದೆ. ನಿನ್ನ ಕಾಕಾನ ಮೇಲೆ ಕೋರ್ಟಿನಲ್ಲಿ ಖಟ್ಲೆ ನಡೆಯುತ್ತದೆ. ನಮ್ಮ ಸಾಹೇಬರಿಗೆ ದೂರದ ಊರಿಗೆ ವರ್ಗವಾಯಿತು, ಅಷ್ಟೇ. ಹೂವಿನ ಹಾರ ಹಾಕಿ ಬೀಳ್ಕೊಟ್ಟರು. ನನ್ನ ಮೊದಲಿನ ಕೆಲಸ ನನಗೆ ಕೊಟ್ಟಿದ್ದಾರೆ.

ನೀನು ಹೇಳಿದ್ದು ಖರೇ, ಅದರಿಂದಲೇ ಚೌಕಶಿ ತಿರುಗಿತು. ಅದನ್ನು ಅಲ್ಲಗಳೆಯುವುದಿಲ್ಲ. ನಿನ್ನ ಆಯಿ ಅಂಬಾಬಾಯಿಯವರ ಸಂಕಟವೂ ನನಗೆ ತಿಳಿಯುತ್ತದೆ. ಆದರೆ ನಿನಗೆ ಧನ್ಯವಾದ ಬರೆಯಲು ಕೂತರೆ ಕೈ ಏಳುವುದಿಲ್ಲ. ಯಾಕೆ ಎಂದು ಹೇಳುತ್ತೇನೆ, ಸಿಟ್ಟಾಗಬೇಡ ಎನ್ನುವುದಿಲ್ಲ, ಆಗು.

ಮಾರ್ಚಿನಲ್ಲಿ ನಾನು ಬರೆದೆ. ಸರ್ಕಾರದ ಅಂಗಿ ತೊಟ್ಟು, ಕಾಯ್ದೆ ಹಿಡಿದು, ಸಹಿ ಹಾಕಿ ಬರೆದೆ. ಅದು ಯಾರಿಗೂ ಬೇಕಾಗಲಿಲ್ಲ. ಮೇ ತಿಂಗಳಲ್ಲಿ ಡಾಕ್ಟರು ಬರೆದರು, ಉಡಚಪ್ಪ ಕಾಕಾ ಪ್ರಾಂತ ಸಾಹೇಬರ ಕಾಲಿಗೆ ಬಿದ್ದು ಹೇಳಿದ. ಬದುಕಿದ ಇಬ್ಬರು ಹೆಂಗಸರು ಚೌಕಶಿಯಲ್ಲಿ ಒಂದೇ ಮಾತನ್ನು ಅರ್ಧ ದಿನ ತಿರುಗಿ ತಿರುಗಿ ಹೇಳಬೇಕಾಯಿತು. ಪ್ರಾಂತ ಸಾಹೇಬರ ಗುಮಾಸ್ತ ಅವರನ್ನು ನೋಡಿ ನಗುತ್ತಿದ್ದ. ನೀನು ಎದ್ದು ಒಂದು ಮಾತು ಹೇಳಿದೆ. ಪ್ರಾಂತ ಸಾಹೇಬರು ನಿನಗೆ ಕುರ್ಚಿ ಹಾಕಿಸಿ, ಮರುಪ್ರಶ್ನೆ ಇಲ್ಲದೆ ಅದನ್ನು ಬರೆದುಕೊಂಡರು. ನಾನು ನಿನ್ನ ಕಡೆ ನೋಡಲಿಲ್ಲ ಎಂದು ಬರೆದಿದ್ದೀಯ. ಆ ಕುರ್ಚಿಯನ್ನು ನೋಡಲು ನನಗೆ ಆಗಲಿಲ್ಲ. ನಾವು ಗೆದ್ದೆವು, ಆದರೆ ನಮ್ಮ ಮಾತಿನಿಂದ ಗೆಲ್ಲಲಿಲ್ಲ.

ನೀನು ಕೆಟ್ಟವನಲ್ಲ. ಆದರೆ ಒಲೆಯ ಹತ್ತಿರ ಹೋಗಿ ಅಡುಗೆಯವನ ಬಾಯಿಂದ ಕೇಳಿದ ಮೇಲೆಯೇ ನಿನಗೂ ನನ್ನ ಮಾತಿನ ಮೇಲೆ ನಂಬಿಕೆ ಬಂತು. ಅದು ನನಗೆ ನಿನ್ನ ಕಾಕಾ ಮಾಡಿದ್ದಕ್ಕಿಂತ ಹೆಚ್ಚು ಉರಿಯುತ್ತದೆ. ಮೊದಲಿನ ಹಾಗೆ ಬರೆಯಲು ಆಗುವುದಿಲ್ಲ. ಮೊದಲು ನಾನು ಬಹಳ ಬಿಟ್ಟು ಬಿಟ್ಟು ಬರೆಯುತ್ತಿದ್ದೆ. ನಿನಗೆ ಬೇಕಿದ್ದರೆ ಇನ್ನು ಹೀಗೆಯೇ ಬರೆಯುತ್ತೇನೆ, ಓದುವ ಶಕ್ತಿ ಇದ್ದರೆ ಓದು. ಮೃಣಾಲಿನಿ ವಹಿನಿಯವರು ಕೇಳಿದ ಆ ಒಂದು ಪ್ರಶ್ನೆಗೆ ಮಾತ್ರ ನನ್ನ ನಮಸ್ಕಾರ ತಿಳಿಸು.

ನಿನ್ನೆ ಧಾರವಾಡಕ್ಕೆ ಹೋಗಿದ್ದೆ. ಅಲ್ಲಿಯ ಖಾನಾವಳಿಗಳ ತಪಾಸಣೆಯನ್ನೂ ಈಗ ನನಗೇ ಹಚ್ಚಿದ್ದಾರೆ. ಮೊದಲನೆಯದರ ಯಜಮಾನರು ಬಾಗಿಲಿಗೆ ಅಡ್ಡ ನಿಂತು, ಕೈ ಮುಗಿದು, ಮೆತ್ತಗೆ ಕೇಳಿದರು, "ಸಾಹೇಬ್ರ, ತಮ್ಮ ಅಡ್ಡಹೆಸರು ಏನ್ರಿ?"

"ಇನ್‌ಸ್ಪೆಕ್ಟರ್" ಎಂದೆ. "ಸರೀರಿ ಅತ್ತಾಗ."

ಸರಿದರು. ನಾನು ಒಳಗೆ ಹೋದೆ.

ಅರ್ಜುನಪ್ಪ